ಸರದಿಯಲ್ಲಿ ಹೂ ಅರಳಿಸಿದ ಕೃಂಬಿಗಲ್

ಯುಗಾದಿಗೆ ಇನ್ನೆರಡು ದಿನ ಇದೆ ಅನ್ನುವಾಗ ನರ್ಸರಿಗೆ ಓಡ್ತೀರಿ. ಹೂ ತುಂಬಿದ ನಾಲ್ಕು ಕುಂಡ ತಂದು ಬಾಗಿಲ ಮುಂದೆ ಸಾಲಾಗಿ ಇಡ್ತೀರಿ. ಹಬ್ಬಕ್ಕೆ ಬಂದವರೆಲ್ಲ ಚೆನ್ನಾಗಿದೆ ಅಂತಾರೆ. ಹದಿನೈದು ದಿನ ಕಳೆಯೋ ಹೊತ್ತಿಗೆ ಹೂ ಉದುರಿ, ಎಲೆ ಬಾಡಿ, ಕುಂಡ ಹಿತ್ತಲು ಸೇರುತ್ತೆ. ಮುಂದಿನ ವರ್ಷ ಮತ್ತೆ ಅದೇ ಖರ್ಚು! ಇಲವಾಲದ ಕಡೆ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡವರಿಗಂತೂ ಇದು ಗೊತ್ತಿರೋ ಕಥೆ. ಕಾಂಪೌಂಡಿನ ಒಳಗೆ ನಾಲ್ಕಾರು ಅಡಿ ಜಾಗ, ಕೆಂಪು ಮಣ್ಣು, ನೆತ್ತಿ ಸುಡೋ ಮಾರ್ಚ್ ಬಿಸಿಲು.

ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಉಳಿದು, ವಸಂತ ಬಂದಾಗಲೆಲ್ಲ ತಾನಾಗಿ ಹೂ ಬಿಡೋ ಗಿಡಗಳಿಂದ ಈ ಜಾಗ ತುಂಬಿಸೋಕೆ ಆಗಲ್ವಾ? ಖಂಡಿತ ಆಗುತ್ತೆ. ಅದನ್ನು ಕಲಿಸೋಕೆ ದೊಡ್ಡ ಮೇಷ್ಟ್ರೊಬ್ಬರ ಕೆಲಸ ನಿಮ್ಮ ಹತ್ತಿರದಲ್ಲೇ ಇದೆ. ಇಲವಾಲದಿಂದ ಕೆಆರ್‌ಎಸ್ ಕಡೆ ಹೋಗುವ ರಸ್ತೆ ಹಿಡಿದು ನೆಂಟರನ್ನು ಎಷ್ಟು ಸಲ ಬೃಂದಾವನಕ್ಕೆ ಕರಕೊಂಡು ಹೋಗಿಲ್ಲ ನೀವು! ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕನಸಾಗಿದ್ದ ಆ ತೋಟದ ವಿನ್ಯಾಸ ಮಾಡಿದವರು ಜರ್ಮನಿಯಿಂದ ಬಂದ ಗುಸ್ತಾವ್ ಹರ್ಮನ್ ಕೃಂಬಿಗಲ್.

ಇವರು ಹುಟ್ಟಿದ್ದು 1865ರ ಡಿಸೆಂಬರ್ 18ರಂದು, ಡ್ರೆಸ್ಡೆನ್ ಪಟ್ಟಣದ ಹತ್ತಿರದ ಲೋಮೆನ್ ಎಂಬ ಊರಿನಲ್ಲಿ. ತೋಟಗಾರಿಕೆ ಕಲಿತು 1888ರಲ್ಲಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಮಡಿಗಳ ಕೆಲಸ, ಆಮೇಲೆ ಹೆಸರಾಂತ ಕ್ಯೂ ಸಸ್ಯೋದ್ಯಾನದಲ್ಲಿ ನೌಕರಿ. 1893ರಲ್ಲಿ ಬರೋಡಾ ಸಂಸ್ಥಾನದ ತೋಟಗಳ ಉಸ್ತುವಾರಿಗೆ ಭಾರತಕ್ಕೆ ಬಂದಾಗ ವಯಸ್ಸು ಬರೀ 27. ಹದಿನೈದು ವರ್ಷ ಅಲ್ಲಿದ್ದರು. 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಸಂಸ್ಥಾನಕ್ಕೆ ಬಂದು, ಜಾನ್ ಕ್ಯಾಮರಾನ್ ನಂತರ ಲಾಲ್‌ಬಾಗಿನ ಮೇಲ್ವಿಚಾರಣೆ ವಹಿಸಿಕೊಂಡರು. ಅಲ್ಲಿಂದ ಮುಂದೆ ಇದೇ ಅವರ ಊರು.

ಇಲ್ಲಿ ಒಂದು ವಿಷಯ ಗಮನಿಸಿ. ಅವರು ಬೆಳೆದ ನಾಡಿನಲ್ಲಿ ವಸಂತ ಅಂದರೆ ಹಿಮ ಕರಗಿ ನೆಲ ಒದ್ದೆಯಾಗೋ ಕಾಲ. ನಮ್ಮಲ್ಲಿ? ನೆಲ ಕಾದು, ಬಾವಿ ಇಳಿಯೋ ಹೊತ್ತಿಗೇ ಚೈತ್ರ ಬರೋದು. ಅಲ್ಲಿನ ಟ್ಯೂಲಿಪ್, ಡ್ಯಾಫೋಡಿಲ್ ಇಲ್ಲಿನ ನೆಲದಲ್ಲಿ ವರ್ಷ ವರ್ಷ ಬರೋಲ್ಲ, ಅವುಗಳ ಗೆಡ್ಡೆಗೆ ಗಟ್ಟಿ ಚಳಿಗಾಲವೇ ಬೇಕು. ಆನ್‌ಲೈನಿನಲ್ಲಿ ಫೋಟೋ ನೋಡಿ ದುಡ್ಡು ಕಳಕೊಳ್ಳಬೇಡಿ! ಕೃಂಬಿಗಲ್ ಹೊರದೇಶಗಳ ತೋಟಗಳ ಜೊತೆ ಬೀಜ, ಸಸಿ ವಿನಿಮಯ ಮಾಡಿಕೊಂಡು ಎಷ್ಟೋ ಹೊಸ ಗಿಡ ತರಿಸಿದರು ನಿಜ. ಆದರೆ ಅವರಿಗೆ ಹೆಸರು ತಂದದ್ದು ಇನ್ನೊಂದು ಕೆಲಸ. ಬೀದಿಗೆ ಮರ ಆರಿಸುವಾಗ ಯಾವ ಮರ ಯಾವ ತಿಂಗಳು ಹೂ ಬಿಡುತ್ತೆ ಅನ್ನೋ ಲೆಕ್ಕ ಇಟ್ಟರು. ಒಂದರ ಹೂ ಮುಗಿಯೋ ಹೊತ್ತಿಗೆ ಇನ್ನೊಂದು ಶುರುವಾಗಬೇಕು. ವರ್ಷದಲ್ಲಿ ಯಾವ ತಿಂಗಳೂ ಊರು ಬೋಳಾಗಬಾರದು.

ಫೆಬ್ರವರಿ, ಮಾರ್ಚಿನಲ್ಲಿ ಟಬೂಬಿಯಾ, ಅದರ ಹಿಂದೆಯೇ ನೀಲಿ ಜಕರಂಡ, ಏಪ್ರಿಲ್ ಬಂದರೆ ಹಳದಿ ಕಕ್ಕೆ, ಮೇ ತಿಂಗಳಿಗೆ ಕೆಂಪು ಗುಲ್‌ಮೊಹರ್... ಬೆಂಗಳೂರು, ಮೈಸೂರಿನ ರಸ್ತೆಗಳಲ್ಲಿ ನೀವು ಇವತ್ತು ಕಾಣೋ ಸರದಿ ಇದು. ಪ್ರತಿ ಮರವನ್ನೂ ಇವರೇ ನೆಡಿಸಿದ್ದು ಅಂತಲ್ಲ. ಹಿಂದಿನ ಕ್ಯಾಮರಾನ್ ಅವರದ್ದೂ, ಮುಂದೆ ಬಂದ ಜವರಾಯ, ಮರಿಗೌಡರದ್ದೂ ಪಾಲು ದೊಡ್ಡದಿದೆ. ತಿಂಗಳ ಲೆಕ್ಕದ ಶ್ರೇಯ ಮಾತ್ರ ಕೃಂಬಿಗಲ್‌ಗೆ ಸಲ್ಲುತ್ತೆ.

ನಿಮ್ಮ ಸೈಟಿನಲ್ಲಿ ಗುಲ್‌ಮೊಹರ್ ಹಾಕೋಕೆ ಹೋಗಬೇಡಿ, ಬೇರು ಮೇಲೆ ಮೇಲೆ ಹರಡಿ ಕಾಂಪೌಂಡ್ ಎತ್ತುತ್ತೆ. ಅದೇ ಲೆಕ್ಕವನ್ನು ಕುಂಡಕ್ಕೆ, ಮಡಿಗೆ ಇಳಿಸಿ. ಮೊದಲ ಸರದಿ ಮಲ್ಲಿಗೆಯದ್ದು. ಮಾರ್ಚಿನಲ್ಲಿ ಮೊಗ್ಗು ಬೇಕಿದ್ದರೆ ಕೆಲಸ ಶುರುವಾಗೋದು ನವೆಂಬರ್ ಕೊನೆಗೆ. ಸ್ವಲ್ಪ ದಿನ ನೀರು ಕಮ್ಮಿ ಮಾಡಿ, ನೆಲದಿಂದ ಸುಮಾರು ಒಂದೂವರೆ ಅಡಿ ಬಿಟ್ಟು ಸವರಿ. ಒಣ ಕಡ್ಡಿ ತೆಗೆದು, ಬುಡ ಕೆದಕಿ, ಕೊಟ್ಟಿಗೆ ಗೊಬ್ಬರ ಹಾಕಿ ನೀರು ಕೊಡಿ. ಗಿಡ ಕತ್ತರಿಸೋಕೆ ಮನಸ್ಸು ಬರಲ್ಲ, ಗೊತ್ತು. ಆದರೆ ಹೂ ಬರೋದೇ ಹೊಸ ಚಿಗುರಿನ ತುದಿಯಲ್ಲಿ.

ಮಾರ್ಚ್, ಏಪ್ರಿಲ್‌ಗೆ ಅಮರಿಲ್ಲಿಸ್. ಹಳೇ ಮನೆಗಳಲ್ಲಿ ಬರೀ ಲಿಲ್ಲಿ ಅಂತ ಕರೆಯೋ, ಕಹಳೆಯಂಥ ದೊಡ್ಡ ಕೆಂಪು ಹೂ. ಕೆಮ್ಮಣ್ಣು, ಮರಳು, ಹಳೇ ಗೊಬ್ಬರ ಸಮ ಬೆರೆಸಿ, ಗೆಡ್ಡೆಯ ಕತ್ತು ಮಣ್ಣಿನ ಮೇಲೆ ಕಾಣೋ ಹಾಗೆ ನೆಡಿ. ಪೂರ್ತಿ ಹೂತರೆ ಕೊಳೆಯುತ್ತೆ. ಡಿಸೆಂಬರಿನಲ್ಲಿ ಆರೇಳು ವಾರ ನೀರು ನಿಲ್ಲಿಸಿ, ಫೆಬ್ರವರಿ ಹತ್ತಿರ ಬಂದಾಗ ಮತ್ತೆ ಶುರು ಮಾಡಿ. ಹೂ ಮುಗಿದ ಮೇಲೆ ದಂಟು ಮಾತ್ರ ಕತ್ತರಿಸಿ, ಎಲೆ ಮುಟ್ಟಬೇಡಿ. ಮುಂದಿನ ವರ್ಷದ ಹೂವಿಗೆ ಊಟ ಕೂಡಿಡೋದು ಆ ಎಲೆಯೇ.

ಮೊದಲ ಮಳೆಗೆ ಫುಟ್‌ಬಾಲ್ ಲಿಲ್ಲಿ ಸಿದ್ಧವಾಗುತ್ತೆ. ಎಲೆಗಿಂತ ಮೊದಲು ನೆಲದಿಂದ ದಂಟು ಎದ್ದು, ತುದಿಯಲ್ಲಿ ಕೆಂಪು ಚೆಂಡು! ಚಳಿಗಾಲದಿಂದ ಬೇಸಿಗೆವರೆಗೆ ಇದು ಮಣ್ಣೊಳಗೆ ನಿದ್ದೆ ಮಾಡುತ್ತೆ, ಕುಂಡ ಖಾಲಿ ಕಾಣುತ್ತೆ. ಸತ್ತೇಹೋಯ್ತು ಅಂತ ಯಾರಾದರೂ ಎಸೆದುಬಿಟ್ಟಾರು, ಮೇಲೊಂದು ಚೀಟಿ ಅಂಟಿಸಿ. ಈ ಎರಡೂ ಲಿಲ್ಲಿಗಳ ಗೆಡ್ಡೆ ವಿಷ, ಈರುಳ್ಳಿ ಥರವೇ ಕಾಣುತ್ತೆ. ಮಕ್ಕಳ, ನಾಯಿಮರಿಯ ಕೈಬಾಯಿಗೆ ಸಿಗದ ಹಾಗೆ ನೋಡ್ಕೊಳ್ಳಿ. ಬಿಸಿಲು ಬೀಳೋ ಗೋಡೆಗೆ ಒಂದು ಬೋಗನ್‌ವಿಲ್ಲಾ ಇರಲಿ. ನೀರು ಹೆಚ್ಚಾದರೆ ಅದು ಬರೀ ಎಲೆಯಲ್ಲೇ ಮೆರೆಯುತ್ತೆ.

ಇನ್ನು ಕೃಂಬಿಗಲ್ ಕಥೆಗೆ ಬರೋಣ. 1912ರಲ್ಲಿ ಅವರು ಮೈಸೂರು ತೋಟಗಾರಿಕಾ ಸಂಘ ಕಟ್ಟಿದರು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಹಿಂದೆ ಇರೋದು ಇದೇ ಸಂಘ. ತೋಟದ ಕೆಲಸ ಇಲ್ಲಿನವರಿಗೇ ಕಲಿಸಿದರು. ಅವರ ಕೈಕೆಳಗೆ ಪಳಗಿದ ಎಚ್.ಸಿ. ಜವರಾಯರು ಆಮೇಲೆ ಲಾಲ್‌ಬಾಗಿನ ಹೊಣೆ ಹೊತ್ತ ಮೊದಲ ಭಾರತೀಯರಾದರು. ಬೃಂದಾವನದ ಕೆಲಸ 1927ರಲ್ಲಿ ಶುರುವಾಗಿ 1932ರಲ್ಲಿ ಮುಗಿಯಿತು. ಅದೇ ವರ್ಷ ಕೃಂಬಿಗಲ್ ನಿವೃತ್ತರಾದರು. ಹಣೆಗಟ್ಟಿನ ಕೆಳಗಿನ ಇಳಿಜಾರನ್ನು ಸಮ ಮಾಡದೆ ಹಂತಹಂತವಾಗಿ ಇಳಿಸಿದ್ದರಿಂದಲೇ ಅಲ್ಲಿ ನೀರಿಗೂ ಹೂವಿಗೂ ಅಷ್ಟು ಚೆಂದ. ಮನೆ ಮುಂದೆ ತಗ್ಗುದಿಣ್ಣೆ ಇದ್ದರೆ ಲಾರಿ ಮಣ್ಣು ಸುರಿಸೋ ಮುಂಚೆ ಒಮ್ಮೆ ಅಲ್ಲಿಗೆ ಹೋಗಿ, ಮೆಟ್ಟಿಲ ಮೇಲೆ ನಿಂತು ನೋಡಿ ಬನ್ನಿ.

ನಿವೃತ್ತಿ ನಂತರವೂ ಅವರು ಬೆಂಗಳೂರು ಬಿಡಲಿಲ್ಲ. ಆದರೆ 1939ರಲ್ಲಿ ಎರಡನೇ ಮಹಾಯುದ್ಧ ಶುರುವಾಯ್ತು. ಭಾರತದಲ್ಲಿದ್ದ ಜರ್ಮನರೆಲ್ಲ ಬ್ರಿಟಿಷರ ಕಣ್ಣಿಗೆ ಶತ್ರುಗಳಾದರು. ನಲವತ್ತಕ್ಕೂ ಹೆಚ್ಚು ವರ್ಷ ಈ ನೆಲದಲ್ಲಿ ಗಿಡ ನೆಟ್ಟ ಎಪ್ಪತ್ತು ದಾಟಿದ ಮುದುಕರನ್ನೂ ನಿರ್ಬಂಧದಲ್ಲಿ ಇಟ್ಟರು. ಎಂಥ ನೋವಾಗಿರಬೇಡ, ಅಲ್ವಾ? ಹೊರಗೆ ಅವರ ಕಾಲದ ಮರಗಳು ಮಾತ್ರ ತಮ್ಮ ತಮ್ಮ ತಿಂಗಳಿಗೆ ಸರಿಯಾಗಿ ಹೂ ಬಿಡ್ತಾನೇ ಇದ್ದವು. ಬಿಡುಗಡೆಯ ನಂತರವೂ ಅವರು ಇಲ್ಲೇ ಉಳಿದು, 1956ರ ಫೆಬ್ರವರಿ 8ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ವಯಸ್ಸು 90. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿ ಇದೆ, ಲಾಲ್‌ಬಾಗ್ ಪಕ್ಕದ ರಸ್ತೆಗೆ ಅವರ ಹೆಸರಿದೆ. ಲಾಲ್‌ಬಾಗಿನೊಳಗೆ ಅವರ ಹೆಸರಿನ ಹಳೇ ಸಭಾಂಗಣ 2017ರಲ್ಲಿ ಕುಸಿದುಬಿತ್ತು.

ಈಗ ನಿಮ್ಮ ಕೆಲಸ. ಅಡುಗೆಮನೆ ಕ್ಯಾಲೆಂಡರಿನಲ್ಲಿ ನವೆಂಬರ್ ಕೊನೇ ವಾರಕ್ಕೆ ಮಲ್ಲಿಗೆ ಸವರೋದು, ಡಿಸೆಂಬರ್ ಒಂದಕ್ಕೆ ಲಿಲ್ಲಿಗೆ ನೀರು ನಿಲ್ಲಿಸೋದು ಅಂತ ಇವತ್ತೇ ಗುರುತು ಹಾಕಿ. ಗಿಡಕ್ಕೆ ಏನೋ ರೋಗ ಬಂದಿದೆ, ತಿಳೀತಿಲ್ಲ ಅಂದರೆ ಇಲವಾಲದ ಹತ್ತಿರ ಯಲಚಹಳ್ಳಿಯಲ್ಲಿ ತೋಟಗಾರಿಕಾ ಕಾಲೇಜೇ ಇದೆ. ಬಾಡಿದ ಕೊಂಬೆಯೊಂದನ್ನು ಕವರಿನಲ್ಲಿ ಹಾಕಿಕೊಂಡು ಹೋಗಿ ಕೇಳಿ.