ಬಾಗಿಲು ಕಾದ ಸಂತ

ಸ್ಪೇನ್ ದೇಶದ ಸೆಗೋವಿಯ ಪಟ್ಟಣದ ವ್ಯಾಪಾರಿ ಅಲ್ಫೋನ್ಸ್ ರೊಡ್ರಿಗಸ್, ಮಡದಿ ಮಕ್ಕಳನ್ನು ಒಬ್ಬೊಬ್ಬರಾಗಿ ಮಣ್ಣುಮಾಡಿದರು. ವ್ಯಾಪಾರವೂ ಮುಳುಗಿತು. ಉಳಿದ ಬಾಳನ್ನು ದೇವರಿಗೆ ಕೊಡಲು ಹೊರಟರೆ ವಯಸ್ಸು, ವಿದ್ಯೆ ಎರಡೂ ಅಡ್ಡಬಂದವು. ಕೊನೆಗೆ 1571ರಲ್ಲಿ ಯೇಸುಸಭೆಯು ಅವರನ್ನು ಸಹೋದರರಾಗಿ ಸ್ವೀಕರಿಸಿ, ಮಯೋರ್ಕ ದ್ವೀಪದ ಕಾಲೇಜಿಗೆ ಕಳುಹಿಸಿತು.

ಅಲ್ಲಿ ದೊರೆತದ್ದು ಬಾಗಿಲು ಕಾಯುವ ಕೆಲಸ. ಯಾರೇ ಕದ ತಟ್ಟಲಿ, ಬಂದವರು ಪ್ರಭುವೇ ಎಂದು ಭಾವಿಸಿ ದಶಕಗಳ ಕಾಲ ಸಂತೋಷದಿಂದ ತೆರೆದರು. ಅಲ್ಲಿ ಓದಲು ಬಂದ ಪೀಟರ್ ಕ್ಲೇವರ್ ಎಂಬ ಯುವಕನಿಗೆ ಅಮೆರಿಕಕ್ಕೆ ಹೋಗುವ ಪ್ರೇರಣೆ ಕೊಟ್ಟವರೂ ಅವರೇ. ಆ ಯುವಕ ಮುಂದೆ ಗುಲಾಮರ ಸೇವೆಗೆ ಬಾಳನ್ನೇ ಮುಡಿಪಿಟ್ಟ.

ಅಲ್ಫೋನ್ಸರು 1617ರಲ್ಲಿ ದೈವಾಧೀನರಾದರು. 1888ರಲ್ಲಿ ಧರ್ಮಸಭೆಯು ಇಬ್ಬರನ್ನೂ ಒಟ್ಟಿಗೇ ಸಂತರೆಂದು ಸಾರಿತು.

ಪ್ರಿಯರೇ, ಇಂದು ನಮ್ಮ ಮನೆಯ ಬಾಗಿಲು ತಟ್ಟುವವರನ್ನು ನಾವು ಯಾರೆಂದು ಭಾವಿಸಿ ತೆರೆಯುತ್ತೇವೆ?