ಅಲೆಕ್ಸಾಂಡ್ರಿಯದ ಅಥನಾಸಿಯನು

ಐಗುಪ್ತ ದೇಶದ ಕಡಲತಡಿಯಲ್ಲಿ ಅಲೆಕ್ಸಾಂಡ್ರಿಯವೆಂಬ ಪುರಾತನ ಪಟ್ಟಣವುಂಟು. ಕ್ರಿ. ಶ. ನಾಲ್ಕನೆಯ ಶತಮಾನದಲ್ಲಿ ಅದು ರೋಮ್ ಸಾಮ್ರಾಜ್ಯದ ಅತಿ ದೊಡ್ಡ ನಗರಗಳಲ್ಲೊಂದಾಗಿದ್ದಿತು. ನೈಲ್ ನದಿಯ ಬಯಲಿನಲ್ಲಿ ಬೆಳೆದ ಗೋಧಿಯು ಅಲ್ಲಿಂದಲೇ ಹಡಗುಗಳನ್ನೇರಿ ರಾಜಧಾನಿಯ ಜನರ ಹೊಟ್ಟೆಯನ್ನು ತುಂಬುತ್ತಿದ್ದಿತು. ಗ್ರೀಕರು, ಯೆಹೂದ್ಯರು, ಐಗುಪ್ತ್ಯರು, ದೂರದೇಶದ ವರ್ತಕರು ಅದರ ಬೀದಿಗಳಲ್ಲಿ ಕಲೆತು ಬಾಳುತ್ತಿದ್ದರು. ಆ ಪಟ್ಟಣದ ಕ್ರೈಸ್ತ ಸಭೆಗೆ ನಾಲ್ವತ್ತೈದು ವರ್ಷ ಬಿಷಪನಾಗಿದ್ದು, ಅದರಲ್ಲಿ ಸುಮಾರು ಹದಿನೇಳು ವರ್ಷಗಳನ್ನು ದೇಶಭ್ರಷ್ಟನಾಗಿಯೇ ಕಳೆದ ಒಬ್ಬ ಮಹನೀಯನ ಕಥೆಯನ್ನು ನಾವಿಲ್ಲಿ ಹೇಳಹೊರಟಿದ್ದೇವೆ.

ಅಥನಾಸಿಯನು ಮೂರನೆಯ ಶತಮಾನದ ಕಡೆಯ ವರ್ಷಗಳಲ್ಲಿ ಜನಿಸಿದನು. ಆತನ ಬಾಲ್ಯದ ವಿಷಯವಾಗಿ ಒಂದು ಕಥೆಯುಂಟು. ಕಡಲ ಮರಳಿನಲ್ಲಿ ಹುಡುಗರ ಗುಂಪೊಂದು ದೀಕ್ಷಾಸ್ನಾನದ ಆಟವಾಡುತ್ತಿರಲು, ಬಿಷಪನ ವೇಷದಲ್ಲಿದ್ದ ಬಾಲಕನು ಎಲ್ಲ ವಿಧಿಗಳನ್ನೂ ತಪ್ಪಿಲ್ಲದೆ ನಡೆಯಿಸಿದುದನ್ನು ನಿಜವಾದ ಬಿಷಪನಾದ ಅಲೆಕ್ಸಾಂಡರನು ಕಂಡು ಅವನನ್ನು ತನ್ನ ಬಳಿಯಿಟ್ಟುಕೊಂಡು ಸಾಕಿದನಂತೆ. ವರ್ಷಗಳ ಲೆಕ್ಕ ಹಾಕಿದರೆ ಇದು ಹೊಂದದು. ಅಲೆಕ್ಸಾಂಡರನು ಬಿಷಪನಾಗುವ ಹೊತ್ತಿಗೆ ಅಥನಾಸಿಯನು ಮರಳಿನಲ್ಲಿ ಆಡುವ ವಯಸ್ಸನ್ನು ದಾಟಿದ್ದಿರಬೇಕು. ಆದರೆ ಆತನು ಆ ಬಿಷಪನ ಆಶ್ರಯದಲ್ಲಿ ಬೆಳೆದುದಂತೂ ನಿಜ. 303ರಲ್ಲಿ ಡಯೊಕ್ಲೀಷಿಯನ್ ಚಕ್ರವರ್ತಿಯು ಕ್ರೈಸ್ತರ ಮೇಲೆ ಕ್ರೂರ ಹಿಂಸೆಯನ್ನು ಹೂಡಿದನು. ಐಗುಪ್ತದಲ್ಲಿ ಅದು ಬಹು ಘೋರವಾಗಿದ್ದಿತು. ಸತ್ಯವೇದದ ಪ್ರತಿಗಳನ್ನು ಸುಡುವುದನ್ನೂ ಜನರು ವಿಶ್ವಾಸಕ್ಕಾಗಿ ಪ್ರಾಣ ಕೊಡುವುದನ್ನೂ ಕೇಳಿ ಬೆಳೆದ ತಲೆಮಾರು ಅದು.

ಹೊರಗಿನ ಹಿಂಸೆ ನಿಂತ ಕೆಲವೇ ವರ್ಷಗಳಲ್ಲಿ ಸಭೆಯ ಒಳಗಿನಿಂದಲೇ ಬೇರೊಂದು ಕಷ್ಟವೆದ್ದಿತು. ಅಲೆಕ್ಸಾಂಡ್ರಿಯದ ಒಂದು ದೇವಾಲಯದಲ್ಲಿ ಅರಿಯಸನೆಂಬ ಪಾದ್ರಿಯಿದ್ದನು. ಆತನು ದುಷ್ಟನಲ್ಲ, ವಿರಕ್ತ, ಮಾತಿನಲ್ಲಿ ನಿಪುಣ, ಜನಪ್ರಿಯ. ದೇವಕುಮಾರನು ಸೃಷ್ಟಿಗಳಲ್ಲೆಲ್ಲ ಮೊದಲನೆಯವನೂ ಶ್ರೇಷ್ಠನೂ ಅಹುದು, ಆದರೂ ತಂದೆಯಿಂದ ಸೃಷ್ಟಿಸಲ್ಪಟ್ಟವನೇ. ಆದುದರಿಂದ ಆದಿಯಿಲ್ಲದವನಲ್ಲವೆಂದು ಆತನು ಬೋಧಿಸತೊಡಗಿದನು. ಈ ಬೋಧೆಯನ್ನು ಹಾಡುಗಳಾಗಿ ಕಟ್ಟಿದನೆಂದೂ, ನಾವಿಕರೂ ಗಿರಣಿಯವರೂ ದಾರಿಗರೂ ಅವನ್ನು ಹಾಡಿಕೊಳ್ಳುತ್ತಿದ್ದರೆಂದೂ ಹಳೆಯ ಚರಿತ್ರಕಾರರು ಬರೆದಿರುವರು. ತತ್ತ್ವವು ಪಂಡಿತರ ಮನೆಯಿಂದ ಹೊರಬಿದ್ದು ಬಂದರುಕಟ್ಟೆಗೆ ಬಂದಿತು.

ಇದರಲ್ಲಿ ಇಷ್ಟು ದೊಡ್ಡ ಸಂಗತಿಯೇನೆಂದು ವಿದ್ಯಾರ್ಥಿಗಳು ಕೇಳಬಹುದು. ಅಥನಾಸಿಯನು ಯೌವನದಲ್ಲಿಯೇ ಬರೆದ, ದೇವರ ಮನುಷ್ಯಾವತಾರವನ್ನು ಕುರಿತ ಗ್ರಂಥದಲ್ಲಿ ಉತ್ತರವು ಅಡಗಿದೆ. ಹಲಗೆಯ ಮೇಲೆ ಬರೆದ ಚಿತ್ರವು ಕೊಳೆ ಹತ್ತಿ ಅಳಿಸಿಹೋದರೆ ಹಲಗೆಯನ್ನು ಎಸೆಯುವುದಿಲ್ಲ; ಆ ಚಿತ್ರವು ಯಾರದೋ ಅವರೇ ಮತ್ತೆ ಬಂದು ಕುಳಿತರೆ ಅದೇ ಹಲಗೆಯ ಮೇಲೆ ರೂಪವನ್ನು ಹೊಸದಾಗಿ ಬರೆಯಬಹುದು. ಮನುಷ್ಯನಲ್ಲಿದ್ದ ದೇವರ ರೂಪವು ಕೆಟ್ಟುಹೋಗಿರಲು ಆ ರೂಪದ ಒಡೆಯನೇ ಬರಬೇಕಾಯಿತೆಂದು ಆತನ ವಾದ. ಬಂದವನು ಸ್ವತಃ ದೇವರಲ್ಲದೆ ಮತ್ತೊಂದು ಸೃಷ್ಟಿಯಾಗಿದ್ದರೆ ಹಲಗೆಯ ಗತಿಯೇನು? ಸಭೆಯು ಅವನನ್ನು ಆರಾಧಿಸುವುದಾದರೂ ಹೇಗೆ? ಸ್ವಸ್ಥಬೋಧನೆಯೆಂದರೆ ಒಣ ಸೂತ್ರವಲ್ಲ, ಬೇರಿಗೆ ಹೋಗುವ ನೀರೆಂದು ಆತನು ತಿಳಿದಿದ್ದನು. ನೀರು ಕೆಟ್ಟರೆ ಮರವು ಎಷ್ಟು ಎತ್ತರಕ್ಕೆ ಬೆಳೆದರೇನು?

325ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯು ನೈಸೀಯ ಪಟ್ಟಣದಲ್ಲಿ ಬಿಷಪರ ಮಹಾಸಭೆಯನ್ನು ಕೂಡಿಸಿದನು. ಅಥನಾಸಿಯನು ಆಗ ಡೀಕನ್ ಎಂಬ ಸಭಾಸೇವಕ ಮಾತ್ರ. ತನ್ನ ಬಿಷಪನ ಸಹಾಯಕನಾಗಿ ಹೋಗಿದ್ದನು. ಮಗನು ತಂದೆಯೊಡನೆ ಒಂದೇ ಸತ್ತ್ವವುಳ್ಳವನೆಂದು ಅಲ್ಲಿ ತೀರ್ಮಾನವಾಯಿತು. ಮುಂದೆ ಕೆಲವರು ಒಂದೇ ಸತ್ತ್ವವೆಂಬುದರ ಬದಲು ಹೋಲುವ ಸತ್ತ್ವವೆಂದರೆ ಸಾಕೆಂದು ವಾದಿಸಿದರು. ಗ್ರೀಕ್ ಭಾಷೆಯಲ್ಲಿ ಈ ಎರಡು ಪದಗಳಿಗೆ ಇರುವ ಅಂತರ ಅಯೋಟ ಎಂಬ ಒಂದೇ ಅಕ್ಷರದ್ದು. ಒಂದಕ್ಷರಕ್ಕಾಗಿ ಜಗಳವಾಡಿದರೆಂದು ನಗುವವರುಂಟು. ನಮ್ಮ ಉಡುಪಿಯ ಮಧ್ವಾಚಾರ್ಯರು ಉಪನಿಷತ್ತಿನ ಮಹಾವಾಕ್ಯವೊಂದನ್ನು ಒಂದು ಅಕಾರವನ್ನು ಸೇರಿಸಿ ಬಿಡಿಸಿದುದರಿಂದ ಅದರ ಅರ್ಥವೇ ತಿರುಗಿತೆಂಬುದನ್ನು ಬಲ್ಲ ಕನ್ನಡಿಗರು ಹಾಗೆ ನಗಲಾರರು.

328ರಲ್ಲಿ ಅಲೆಕ್ಸಾಂಡರನು ತೀರಿಕೊಳ್ಳಲು ಅಥನಾಸಿಯನು ಬಿಷಪನಾದನು. ಆಗಿನಿಂದ ಆತನಿಗೆ ನೆಮ್ಮದಿಯಿಲ್ಲ. 335ರಲ್ಲಿ ಟೈರ್ ಪಟ್ಟಣದಲ್ಲಿ ಆತನ ಮೇಲೆ ವಿಚಾರಣೆ ನಡೆಯಿತು. ಆರ್ಸೇನಿಯಸನೆಂಬ ಬಿಷಪನನ್ನು ಕೊಲ್ಲಿಸಿ ಮಾಟಕ್ಕಾಗಿ ಅವನ ಕೈಯನ್ನು ಕತ್ತರಿಸಿಕೊಂಡನೆಂಬುದು ಒಂದು ಆಪಾದನೆ. ವೈರಿಗಳು ಕತ್ತರಿಸಿದ ಕೈಯೊಂದನ್ನೂ ತೋರಿಸಿದರು. ಅಥನಾಸಿಯನ ಕಡೆಯವರು ಬಚ್ಚಿಟ್ಟುಕೊಂಡಿದ್ದ ಆರ್ಸೇನಿಯಸನನ್ನು ಹುಡುಕಿ ಹಿಡಿದಿದ್ದರು. ಪ್ರಾಚೀನ ಚರಿತ್ರಕಾರರು ಹೇಳುವಂತೆ ಆತನನ್ನು ಮೇಲುಹೊದಿಕೆಯಲ್ಲಿ ಮುಚ್ಚಿ ಕರೆತಂದು, ಮೊದಲು ಮುಖವನ್ನೂ ಬಳಿಕ ಒಂದು ಕೈಯನ್ನೂ ಆಮೇಲೆ ಇನ್ನೊಂದು ಕೈಯನ್ನೂ ತೋರಿಸಿ, ಮೂರನೆಯ ಕೈ ಎಲ್ಲಿದ್ದಿತೆಂಬುದನ್ನು ದೂರುಗಾರರೇ ಹೇಳಲೆಂದು ಬಿಟ್ಟರಂತೆ. ಆದರೂ ತೀರ್ಪು ವಿರುದ್ಧವಾಯಿತು. ರಾಜಧಾನಿಗೆ ಗೋಧಿಯ ಹಡಗುಗಳನ್ನು ತಡೆಯುವೆನೆಂದು ಬೆದರಿಸಿದನೆಂಬ ಮತ್ತೊಂದು ದೂರು ಚಕ್ರವರ್ತಿಯ ಕಿವಿಗೆ ಬಿದ್ದೊಡನೆ ಆತನನ್ನು ದೂರದ ಟ್ರೀರ್ ಪಟ್ಟಣಕ್ಕೆ ಗಡಿಪಾರು ಮಾಡಲಾಯಿತು.

ದೂರುಗಳೆಲ್ಲವೂ ಬರಿಯ ಸುಳ್ಳೆಂದು ಹೇಳಿಬಿಡುವುದು ನ್ಯಾಯವಲ್ಲ. ಐಗುಪ್ತದ ಮರಳಿನಲ್ಲಿ ಉಳಿದು ಇಪ್ಪತ್ತನೆಯ ಶತಮಾನದಲ್ಲಿ ಪ್ರಕಟವಾದ ಒಂದು ಪಪೈರಸ್ ಪತ್ರದಲ್ಲಿ, ಅಥನಾಸಿಯನ ಪಕ್ಷದವರು ಎದುರುಪಕ್ಷದವರನ್ನು ಹೊಡೆದರೆಂಬ ದೂರು ಇದೆ. ಆತನು ಕಠಿಣ ಮನುಷ್ಯ. ಆತನ ಲೇಖನಿಯು ವಿರೋಧಿಗಳಿಗೆ ದಯೆ ತೋರಿದುದು ಕಡಿಮೆ. ಅದನ್ನು ಮುಚ್ಚಿಡುವ ಅಗತ್ಯ ನಮಗೆ ಕಾಣದು.

ಐದು ಸಲ ಆತನು ಪಟ್ಟಣವನ್ನು ಬಿಡಬೇಕಾಯಿತು. ಎರಡನೆಯ ಸಲ ರೋಮಿಗೆ ಹೋಗಿ 346ರಲ್ಲಿ ಹಿಂದಿರುಗಿದಾಗ ಜನರು ಬಹುದೂರ ಬಂದು ಎದುರುಗೊಂಡರು. ಅನಂತರದ ಹತ್ತು ವರ್ಷಗಳು ಸಭೆಯ ಪಾಲಿಗೆ ಸುಭಿಕ್ಷಕಾಲ. ನೈಲ್ ಕಣಿವೆಯಲ್ಲಿ ಸಂನ್ಯಾಸಿಗಳ ಮಠಗಳು ಹೆಚ್ಚಿದವು.

ಸಭೆಯು ಐಗುಪ್ತದ ಎಲ್ಲೆಯನ್ನು ದಾಟಿ ಬೆಳೆದುದೂ ಆತನ ಕೈಯಿಂದಲೇ. ಟೈರ್ ಪಟ್ಟಣದ ಫ್ರುಮೆಂಟಿಯಸ್ ಮತ್ತು ಏಡೆಸಿಯಸ್ ಎಂಬ ಇಬ್ಬರು ಬಾಲಕರು ಹಿರಿಯನೊಬ್ಬನ ಸಂಗಡ ಕಡಲ ಪ್ರಯಾಣ ಮಾಡುತ್ತಿರಲು, ಕೆಂಪು ಸಮುದ್ರದ ಕರೆಯ ಜನರು ಹಡಗಿನವರನ್ನು ಕೊಂದು ಬಾಲಕರನ್ನು ಮಾತ್ರ ಅಕ್ಸೂಮಿನ ಅರಸನಿಗೆ ಒಪ್ಪಿಸಿದರು. ಅದು ಇಂದಿನ ಇಥಿಯೋಪಿಯ. ಹುಡುಗರು ಅರಮನೆಯಲ್ಲಿ ಬೆಳೆದರು. ಅರಸನು ಸತ್ತ ಮೇಲೆ ರಾಣಿಯ ಕೋರಿಕೆಯಂತೆ ಎಳೆಯ ರಾಜಕುಮಾರನು ದೊಡ್ಡವನಾಗುವ ತನಕ ಫ್ರುಮೆಂಟಿಯಸನು ರಾಜ್ಯಭಾರದಲ್ಲಿ ನೆರವಾದನು. ಅಲ್ಲಿಗೆ ಬರುವ ಕ್ರೈಸ್ತ ವರ್ತಕರಿಗೆ ಪ್ರಾರ್ಥನೆಯ ಸ್ಥಳಗಳನ್ನು ಮಾಡಿಕೊಟ್ಟನು. ಬಿಡುಗಡೆ ಹೊಂದಿದಾಗ ಏಡೆಸಿಯಸನು ಊರಿಗೆ ಓಡಿದನು; ಫ್ರುಮೆಂಟಿಯಸನಾದರೋ ಅಲೆಕ್ಸಾಂಡ್ರಿಯಕ್ಕೆ ಹೋಗಿ ಆ ಜನರಿಗೊಬ್ಬ ಬಿಷಪನನ್ನು ಕಳುಹಿಸಬೇಕೆಂದು ಬೇಡಿದನು. ಇವನಿಗಿಂತ ತಕ್ಕವನು ಬೇರೆ ಯಾರೆಂದು ಅಥನಾಸಿಯನು ಇವನನ್ನೇ ಅಭಿಷೇಕಿಸಿ ಹಿಂದಕ್ಕೆ ಕಳುಹಿಸಿದನು. (ಈ ಕಥೆಯನ್ನು ಬರೆದಿಟ್ಟ ರುಫೀನಸನು ಆ ದೇಶವನ್ನು ಇಂಡಿಯ ಎಂದು ಕರೆದಿರುವುದರಿಂದ ಓದುವವರು ಮೋಸಹೋಗಬಾರದು.) ಅಕ್ಸೂಮಿನ ಎಜ಼ಾನ ಅರಸನ ನಾಣ್ಯಗಳಲ್ಲಿ ಮೊದಲು ಚಂದ್ರನ ಗುರುತಿದ್ದು ತರುವಾಯ ಶಿಲುಬೆ ಬಂದಿತು. 1959ರವರೆಗೂ ಇಥಿಯೋಪಿಯದ ಸಭೆಯು ಅಲೆಕ್ಸಾಂಡ್ರಿಯದ ಪೀಠಕ್ಕೆ ಅಧೀನವಾಗಿದ್ದಿತು.

356ರ ಫೆಬ್ರವರಿಯ ಒಂದು ರಾತ್ರಿ ಥಿಯೋನಸ್ ದೇವಾಲಯದಲ್ಲಿ ಜಾಗರಣೆ ನಡೆದಿರಲು ಕಾನ್‌ಸ್ಟಾಂಷಿಯಸ್ ಚಕ್ರವರ್ತಿಯ ಸೈನಿಕರು ಬಾಗಿಲುಗಳನ್ನು ಮುರಿದರು. ಅಥನಾಸಿಯನು ಪೀಠದಿಂದ ಏಳದೆ ಡೀಕನನಿಂದ ಕೀರ್ತನೆಯನ್ನು ಓದಿಸಿದನು. ಜನರೆಲ್ಲ ಹೊರಗೆ ಹೋಗುವ ತನಕ ಕದಲೆನೆಂದು ಕುಳಿತವನನ್ನು ಕಡೆಗೆ ಸಂನ್ಯಾಸಿಗಳು ಎಳೆದುಕೊಂಡು ಹೋದರು. ಆರು ವರ್ಷ ಆತನು ಮರುಭೂಮಿಯ ಮಠಗಳಲ್ಲಿ ಅಡಗಿದ್ದನು, ಸಂನ್ಯಾಸಿಗಳು ಹಿಡಿದುಕೊಡಲಿಲ್ಲ. ಅರಿಯಸನ ಬೋಧೆಯನ್ನೇ ಫ್ರುಮೆಂಟಿಯಸನೂ ಒಪ್ಪುವಂತೆ ಮಾಡಲು ಅವನನ್ನು ಐಗುಪ್ತಕ್ಕೆ ಕಳುಹಿಸಬೇಕೆಂದು ಚಕ್ರವರ್ತಿಯು ಅಕ್ಸೂಮಿನ ಅರಸರಿಗೆ ಪತ್ರ ಬರೆದುದೂ ಈ ದಿನಗಳಲ್ಲಿಯೇ. ವಿರಕ್ತನಾದ ಅಂತೋನಿಯ ಚರಿತ್ರೆಯನ್ನು ಅಥನಾಸಿಯನು ಬರೆದುದು ಈ ಅಜ್ಞಾತವಾಸದ ಸುಮಾರಿನಲ್ಲಿ.

ಆತನ ಬಾಳಿನಲ್ಲಿ ನಮಗೆ ಅತ್ಯಂತ ಹಿರಿದಾಗಿ ತೋರುವುದು 362ನೆಯ ವರ್ಷ. ಹಿಂದಿರುಗಿ ಬಂದೊಡನೆ ಒಂದು ಚಿಕ್ಕ ಸಭೆಯನ್ನು ಕರೆದನು. ಹಿಂದೆ ಬೇರೆ ಪದಗಳನ್ನು ಬಳಸಿದವರನ್ನು ಏನು ಮಾಡಬೇಕು? ಒಂದಕ್ಷರಕ್ಕಾಗಿ ಮೂರು ಸಲ ಮನೆಮಾರು ಬಿಟ್ಟವನು ಅಂದು ಪದಗಳನ್ನು ಹಿಡಿದು ನಿಲ್ಲಲಿಲ್ಲ. ಅವರವರ ಪದಗಳಿಗೆ ಏನರ್ಥವೆಂದು ಕೇಳಿದನು. ಅರ್ಥವು ಒಂದೇ ಎಂದು ಕಂಡಾಗ ಅವರನ್ನು ಸಹೋದರರೆಂದು ಸೇರಿಸಿಕೊಂಡನು. ನಡುವಿನ ಗೋಡೆ ಬೀಳತೊಡಗಿದುದು ಅಲ್ಲಿಂದ.

ಅದೇ ವರ್ಷ ಜೂಲಿಯನ್ ಚಕ್ರವರ್ತಿಯು ಮತ್ತೆ ಆತನನ್ನು ಓಡಿಸಿದನು. ನೈಲ್ ನದಿಯಲ್ಲಿ ರಾಜದೂತರ ದೋಣಿಯು ಬೆನ್ನಟ್ಟಿ ಬರಲು, ಆತನು ತನ್ನ ದೋಣಿಯನ್ನು ತಿರುಗಿಸಿ ಅವರಿಗೆ ಎದುರಾಗಿಯೇ ಸಾಗಿದನು; ಅಥನಾಸಿಯನು ಎಲ್ಲಿ ಎಂದು ಅವರು ಕೇಳಲು ಬಹಳ ದೂರವಿಲ್ಲವೆಂಬ ಉತ್ತರ ಹೋಯಿತಂತೆ. ವೇಲೆನ್ಸನ ಕಾಲದ ಐದನೆಯ ವನವಾಸವು ಕೆಲವು ತಿಂಗಳುಗಳದು.

367ರಲ್ಲಿ, ಪಾಸ್ಕ ಹಬ್ಬದ ದಿನವನ್ನು ತಿಳಿಸಲು ವರ್ಷವರ್ಷವೂ ಸಭೆಗಳಿಗೆ ಬರೆಯುತ್ತಿದ್ದ ಪತ್ರದಲ್ಲಿ, ಆತನು ಹೊಸ ಒಡಂಬಡಿಕೆಯಲ್ಲಿ ಸೇರತಕ್ಕ 27 ಪುಸ್ತಕಗಳನ್ನು ಹೆಸರಿಸಿದನು. ಇಂದು ಕ್ರೈಸ್ತರ ಮನೆಗಳಲ್ಲಿರುವ ಹೊಸ ಒಡಂಬಡಿಕೆಯಲ್ಲಿ ಇರುವುದು ಆ 27 ಪುಸ್ತಕಗಳೇ. 373ರ ಮೇ 2ರಂದು ಆತನು ತನ್ನ ಪಟ್ಟಣದಲ್ಲಿಯೇ ಪ್ರಾಣಬಿಟ್ಟನು. ನೈಸೀಯದ ತೀರ್ಮಾನವು ಕಾನ್‌ಸ್ಟಾಂಟಿನೋಪಲಿನ ಮಹಾಸಭೆಯಲ್ಲಿ ಸ್ಥಿರಪಟ್ಟುದು 381ರಲ್ಲಿ. ಅದನ್ನು ನೋಡಲು ಆತನು ಉಳಿದಿರಲಿಲ್ಲ. ಆತನ ಅಸ್ಥಿಗಳೂ ಒಂದೆಡೆಯಲ್ಲಿ ನಿಲ್ಲದೆ ಕಾಲಾಂತರದಲ್ಲಿ ಇಟಲಿಯ ವೆನಿಸನ್ನು ಸೇರಿದವು. 1973ರಲ್ಲಿ, ಆತನು ಸತ್ತು ಸಾವಿರದ ಆರುನೂರು ವರ್ಷಗಳಾದಾಗ, ಆರನೆಯ ಪೌಲ್ ಪೋಪರು ಅವುಗಳಲ್ಲೊಂದು ಭಾಗವನ್ನು ಐಗುಪ್ತದ ಸಭೆಯ ಮುಖ್ಯಸ್ಥರಾದ ಮೂರನೆಯ ಶೆನೂಡರಿಗೆ ಒಪ್ಪಿಸಿದರು. ಅವು ಈಗ ಕೈರೋ ಪಟ್ಟಣದಲ್ಲಿವೆ.