ವಿಷದ ಜಾಡು ಹಿಡಿದ ರೇಚಲ್ ಕಾರ್ಸನ್

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಸ್ಪ್ರಿಂಗ್‌ಡೇಲ್ ಎಂಬ ಸಣ್ಣ ಊರಿನಲ್ಲಿ 1907ರ ಮೇ 27ರಂದು ರೇಚಲ್ ಕಾರ್ಸನ್ ಹುಟ್ಟಿದರು. ತಾಯಿ ಮರಿಯಾ ಮದುವೆಗೆ ಮೊದಲು ಶಿಕ್ಷಕಿಯಾಗಿದ್ದವರು. ಮಗಳನ್ನು ಹೊಲ, ತೋಪುಗಳಲ್ಲಿ ಸುತ್ತಾಡಿಸಿ ಹಕ್ಕಿ, ಹುಳ, ಗಿಡಗಳನ್ನು ತೋರಿಸುತ್ತಿದ್ದರು. ಹನ್ನೊಂದನೆಯ ವಯಸ್ಸಿಗೇ ರೇಚಲ್ ಬರೆದ ಕಥೆ ಮಕ್ಕಳ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಕಾಲೇಜು ಸೇರಿದ್ದೂ ಇಂಗ್ಲಿಷ್ ಓದಿ ಲೇಖಕಿಯಾಗಬೇಕೆಂದೇ.

ಬಿ.ಇಡಿ. ಓದುತ್ತಿರುವ ನಮಗೆ ಆ ಕಾಲೇಜಿನ ದಿನಗಳು ಮುಖ್ಯ. ಅಲ್ಲಿ ಮೇರಿ ಸ್ಕಾಟ್ ಸ್ಕಿಂಕರ್ ಎಂಬ ಜೀವಶಾಸ್ತ್ರದ ಅಧ್ಯಾಪಕಿ ಇದ್ದರು. ಅವರ ತರಗತಿಯಲ್ಲಿ ಕುಳಿತ ಮೇಲೆ ಕಾರ್ಸನ್ ತಮ್ಮ ಮುಖ್ಯ ವಿಷಯವನ್ನೇ ಬದಲಿಸಿಕೊಂಡರು. ಆ ಅಧ್ಯಾಪಕಿಯ ಹೆಸರು ಇಂದು ಹೆಚ್ಚು ಜನಕ್ಕೆ ಗೊತ್ತಿಲ್ಲ. ನನಗೆ ಮಾತ್ರ ಈ ಕಥೆಯಲ್ಲಿ ಅವರು ಬಹಳ ದೊಡ್ಡವರಾಗಿ ಕಾಣುತ್ತಾರೆ.

1932ರಲ್ಲಿ ಕಾರ್ಸನ್ ಪ್ರಾಣಿಶಾಸ್ತ್ರದಲ್ಲಿ ಎಂ.ಎ. ಪದವಿ ಪಡೆದರು. 1935ರಲ್ಲಿ ತಂದೆ ತೀರಿಕೊಂಡರು, ಮನೆಯ ಭಾರ ಹೆಗಲಿಗೆ ಬಿತ್ತು. ಸರ್ಕಾರದ ಮೀನುಗಾರಿಕೆ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಕಡಲಿನ ಕುರಿತು ಬರೆದ ಪುಸ್ತಕಗಳಲ್ಲಿ ಎರಡನೆಯದು 1951ರಲ್ಲಿ ಹೊರಬಂದು ಎಷ್ಟು ಮಾರಾಟವಾಯಿತೆಂದರೆ, ಮರುವರ್ಷ ನೌಕರಿ ಬಿಟ್ಟು ಬರವಣಿಗೆಯನ್ನೇ ನಂಬಿ ಬದುಕಲು ಸಾಧ್ಯವಾಯಿತು.

ಡಿಡಿಟಿಯ ಬಗ್ಗೆ ಅವರಿಗೆ 1945ರಲ್ಲೇ ಅನುಮಾನವಿತ್ತು. ಲೇಖನ ಬರೆಯುತ್ತೇನೆಂದು ಪತ್ರಿಕೆಯೊಂದನ್ನು ಕೇಳಿದಾಗ ಅದು ಒಪ್ಪಲಿಲ್ಲ. ಡಿಡಿಟಿಯ ಕೀಟನಾಶಕ ಗುಣವನ್ನು ಕಂಡುಹಿಡಿದ ವಿಜ್ಞಾನಿಗೆ 1948ರಲ್ಲಿ ನೊಬೆಲ್ ಬಂತು. ಹೇನು, ಸೊಳ್ಳೆಗಳನ್ನು ಕೊಂದು ಲಕ್ಷಾಂತರ ಜನರನ್ನು ಉಳಿಸಿದ ಪುಡಿ ಅದು; ಅದನ್ನು ಅನುಮಾನಿಸುವವರ ಮಾತು ಯಾರಿಗೆ ಬೇಕಿತ್ತು? 1958ರಲ್ಲಿ ಮ್ಯಾಸಚೂಸೆಟ್ಸ್‌ನ ಗೆಳತಿಯೊಬ್ಬರಿಂದ ಸುದ್ದಿ ಬಂತು. ಸೊಳ್ಳೆಗಾಗಿ ವಿಮಾನದಿಂದ ಡಿಡಿಟಿ ಸಿಂಪಡಿಸಿದ ಮೇಲೆ ಅವರ ಮನೆಯ ಸುತ್ತ ಹಕ್ಕಿಗಳು ಸತ್ತು ಬಿದ್ದಿದ್ದವು. ಕಾರ್ಸನ್ ಕಾಗದಪತ್ರ ಕಲೆಹಾಕಲು ಕುಳಿತರು. ಅದಕ್ಕೆ ನಾಲ್ಕು ವರ್ಷ ಹಿಡಿಯಿತು.

ಅವರು ಕಲೆಹಾಕಿದವುಗಳಲ್ಲಿ ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್ ಎಂಬ ಸರೋವರದ ಪ್ರಕರಣವನ್ನು ನಾನು ಬೋಧನಾಭ್ಯಾಸದಲ್ಲಿ ಹತ್ತನೆಯ ತರಗತಿಯ ‘ನಮ್ಮ ಪರಿಸರ’ ಪಾಠಕ್ಕೆ ಬಳಸಿದೆ. ಅಲ್ಲಿ ಮೀನು ಹಿಡಿಯಲು ಬರುವವರಿಗೆ ಒಂದು ಜಾತಿಯ ನುಸಿಯ ಕಾಟವಿತ್ತು. ಅದು ಕಚ್ಚುವುದೂ ಇಲ್ಲ, ಮುತ್ತುತ್ತದೆ ಅಷ್ಟೆ. ಅದಕ್ಕಾಗಿ ಡಿಡಿಟಿಯ ಹತ್ತಿರದ ಬಂಧುವಾದ ಡಿಡಿಡಿಯನ್ನು 1949, 1954 ಮತ್ತು 1957ರಲ್ಲಿ ನೀರಿಗೆ ಬೆರೆಸಿದರು. 1954ರ ಪ್ರಮಾಣ ಐದು ಕೋಟಿ ಭಾಗ ನೀರಿಗೆ ಒಂದು ಭಾಗ ಮಾತ್ರ. ಆ ಚಳಿಗಾಲದಲ್ಲಿ ನೂರಕ್ಕೂ ಹೆಚ್ಚು ಗ್ರೀಬ್ ಹಕ್ಕಿಗಳು ಸತ್ತವು. ಗ್ರೀಬ್ ಎಂದರೆ ನಮ್ಮ ಕೆರೆಗಳ ಗುಳುಮುಳುಕನ ದೊಡ್ಡ ಬಂಧು, ಮೀನು ತಿಂದು ಬದುಕುವುದು. ಸತ್ತ ಹಕ್ಕಿಗಳ ಕೊಬ್ಬಿನಲ್ಲಿ ಹತ್ತು ಲಕ್ಷಕ್ಕೆ 1600 ಭಾಗ ವಿಷವಿತ್ತು. ಪ್ಲವಕಗಳಲ್ಲಿ ಇದ್ದದ್ದು ಸುಮಾರು 5 ಭಾಗ. ವಿಷ ಹಾಕುವುದನ್ನು ನಿಲ್ಲಿಸಿದ ಸ್ವಲ್ಪ ಕಾಲಕ್ಕೆ ನೀರಿನಲ್ಲಿ ಅದರ ಸುಳಿವೇ ಸಿಗಲಿಲ್ಲ. ನೀರು ಶುದ್ಧ, ವಿಷವೆಲ್ಲ ಜೀವಿಗಳ ಮೈಯಲ್ಲಿ! ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಭಾಗಾಕಾರ ಮಾಡಿಸಿದೆ. ನೀರಿಗೆ ಬೆರೆಸಿದ ಪ್ರಮಾಣಕ್ಕಿಂತ ಹಕ್ಕಿಯ ಕೊಬ್ಬಿನಲ್ಲಿ ಎಂಬತ್ತು ಸಾವಿರ ಪಟ್ಟು ಎಂದು ಉತ್ತರ ಬಂದಾಗ, ಜೈವಿಕ ಸಂವರ್ಧನೆಯ ವ್ಯಾಖ್ಯೆಯನ್ನು ಮಕ್ಕಳೇ ತಮ್ಮ ಮಾತಿನಲ್ಲಿ ಹೇಳಿದರು.

ಕೆನಡಾದ ಮಿರಮಿಶಿ ನದಿಯದು ಬೇರೆ ಬಗೆ. 1954ರಲ್ಲಿ ಮರಗಳ ಹುಳ ಕೊಲ್ಲಲು ಕಾಡಿನ ಮೇಲೆ ಡಿಡಿಟಿ ಸುರಿದರು. ನದಿಯ ಸಾಲ್ಮನ್ ಮರಿಗಳು ಸತ್ತವು. ಅವುಗಳ ಆಹಾರವಾದ ನೀರಹುಳಗಳೂ ಸತ್ತದ್ದರಿಂದ, ಬದುಕಿದ ಮರಿಗಳಿಗೆ ತಿನ್ನಲು ಏನೂ ಉಳಿಯಲಿಲ್ಲ.

ತರಗತಿಯಲ್ಲಿ ಒಬ್ಬ ಹುಡುಗ ಎದ್ದು, ಔಷಧಿ ಹೊಡೆಯದಿದ್ದರೆ ತಮ್ಮ ಹೊಲದ ಬೆಳೆ ಹುಳದ ಪಾಲಾಗುತ್ತದಲ್ಲ ಎಂದು ಕೇಳಿದ. ಸರಿಯಾದ ಪ್ರಶ್ನೆಯೇ. ಕಾರ್ಸನ್ ಯಾವ ರಾಸಾಯನಿಕವನ್ನೂ ಬಳಸಲೇಬಾರದು ಎಂದವರಲ್ಲ. ಪರಿಣಾಮ ತಿಳಿಯದೆ ಎಲ್ಲೆಂದರಲ್ಲಿ ಸುರಿಯುವುದನ್ನು ಅವರು ವಿರೋಧಿಸಿದರು. ಹುಳವನ್ನು ತಿನ್ನುವ ಹುಳಗಳನ್ನು ಬಳಸುವ ದಾರಿಯನ್ನೂ ತೋರಿಸಿದರು. ಇವನ್ನು ಕೀಟನಾಶಕ ಎನ್ನುವ ಬದಲು ಜೀವನಾಶಕ ಎನ್ನಬೇಕು ಎಂಬುದು ಅವರ ವಾದ. ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಔಷಧಿ ಎನ್ನುತ್ತೇವೆ! ಇದನ್ನು ಹೇಳಿದಾಗ ಹುಡುಗ ನಕ್ಕ, ಆದರೆ ಅವನ ಪ್ರಶ್ನೆ ಪೂರ್ತಿ ತೀರಿತೆಂದು ನನಗನಿಸಲಿಲ್ಲ.

‘ಸೈಲೆಂಟ್ ಸ್ಪ್ರಿಂಗ್’ 1962ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಯಿತು. ಬರೆಯುತ್ತಿರುವಾಗಲೇ ಅವರಿಗೆ ಸ್ತನ ಕ್ಯಾನ್ಸರ್ ಆಗಿತ್ತು. 1960ರಲ್ಲಿ ಶಸ್ತ್ರಚಿಕಿತ್ಸೆಯೂ ನಡೆದಿತ್ತು. ಮನೆಯಲ್ಲಿ ತೀರಿಹೋದ ಸೋದರಸೊಸೆಯ ಪುಟ್ಟ ಮಗ, ಇವರೇ ದತ್ತು ತೆಗೆದುಕೊಂಡ ರೋಜರ್ ಇದ್ದ. ಸ್ವಂತ ಕಾಯಿಲೆಯ ಸಿಟ್ಟಿನಿಂದ ಬರೆದಳು ಎಂದು ವಿರೋಧಿಗಳು ಹೇಳಬಾರದೆಂದು ರೋಗವನ್ನು ಹೊರಗೆ ತಿಳಿಸಲಿಲ್ಲ. ರಾಸಾಯನಿಕ ಉದ್ಯಮದವರು ಅವರನ್ನು ಭಾವುಕ ಹೆಂಗಸು ಎಂದು ಹಳಿದರು. ಅಧ್ಯಕ್ಷ ಕೆನಡಿಯವರ ವಿಜ್ಞಾನ ಸಲಹಾ ಸಮಿತಿ 1963ರ ಮೇ ತಿಂಗಳಲ್ಲಿ ಕೊಟ್ಟ ವರದಿ ಬಹುಮಟ್ಟಿಗೆ ಅವರ ಪರವಾಗಿತ್ತು. ಮುಂದಿನ ತಿಂಗಳು ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ಹೇಳಿದರು. 1964ರ ಏಪ್ರಿಲ್ 14ರಂದು, 56ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅಮೆರಿಕ 1972ರಲ್ಲಿ ಡಿಡಿಟಿಯನ್ನು ನಿಷೇಧಿಸಿತು. ಭಾರತದಲ್ಲಿ ಕೃಷಿಗೆ ಅದರ ಬಳಕೆ ನಿಂತದ್ದು 1989ರಲ್ಲಿ. ರೋಗ ಹರಡುವ ಕೀಟಗಳ ನಿಯಂತ್ರಣಕ್ಕೆ ಆಮೇಲೂ ಉಳಿಯಿತು. ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸುರಿದ ಎಂಡೋಸಲ್ಫಾನ್ ಕೂಡ ಡಿಡಿಟಿಯಂತೆ ಕ್ಲೋರಿನ್ ಇರುವ ಕೀಟನಾಶಕಗಳ ಗುಂಪಿನದೇ. ಅದಕ್ಕೆ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರಲ್ಲಿ, ಕಾರ್ಸನ್ ಅವರ ಪುಸ್ತಕ ಬಂದು 49 ವರ್ಷಗಳ ಮೇಲೆ.